ಗುಜರಿಗೆ ಹೋಗುವ ಮುನ್ನ

ಮೊನ್ನೆ ತೆಕ್ಕಲಕೋಟೆಯ ಚಹಾದಂಗಡಿಯಲ್ಲಿ ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ ಎರಡು ಕಾರು ತೋರಿಸಿ, ‘ಅಣ್ಣ, ಇವೆರಡರಾಗ ಯಾವುದನ್ನ ಜೋಪಾನ ಮಾಡಬೇಕು?’ ಎಂದ. ಒಂದು 1961ರ ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್. ಇನ್ನೊಂದು 1990ರ ದಶಕದ ಕೊನೆಗೆ ನಮ್ಮ ದೇಶದಲ್ಲೇ ತಯಾರಾದ ಸ್ಯಾನ್ ಸ್ಟಾರ್ಮ್. ಸುತ್ತ ಕೂತವರೆಲ್ಲ ನಕ್ಕರು. ಇದೂ ಒಂದು ಪ್ರಶ್ನೆಯೇ ಎಂಬ ನಗು. ನನ್ನ ತಕರಾರು ಇರುವುದು ಆ ನಗುವಿನ ಮೇಲೆಯೇ.

ಜಾಗ್ವಾರ್‌ನ ಹಿರಿಮೆಯನ್ನು ಅಲ್ಲಗಳೆಯುವುದಿಲ್ಲ. 3.8 ಲೀಟರಿನ ಆರು ಸಿಲಿಂಡರ್ ಎಂಜಿನ್, 265 ಅಶ್ವಶಕ್ತಿ. ಅದರ ಮೈಕಟ್ಟು ರೂಪಿಸಿದ ಮಾಲ್ಕಮ್ ಸೇಯರ್ ವಿಮಾನ ಕಂಪನಿಯಲ್ಲಿ ಪಳಗಿದವರು. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಈ ಕಾರನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಇದರ ಮುಂದೆ ಸ್ಟಾರ್ಮ್ ಬಡಪಾಯಿ. ಬೆಂಗಳೂರು ಮೂಲದ ಸ್ಯಾನ್ ಕಂಪನಿ ಗೋವಾದಲ್ಲಿ ತಯಾರಿಸಿದ ಈ ಕಾರಿಗೆ ಎರಡೇ ಸೀಟು, ಫೈಬರ್‌ಗ್ಲಾಸ್ ಮೈ, ಫ್ರಾನ್ಸಿನ ರೆನೋ ಕಂಪನಿಯ 1149 ಸಿ.ಸಿ. ಎಂಜಿನ್, ಸುಮಾರು 60 ಅಶ್ವಶಕ್ತಿ. ಪಂದ್ಯ ಕಟ್ಟಿದರೆ ಸೋಲುವುದು ಖಚಿತ.

ಆದರೆ ಸಂಗ್ರಹವೆಂದರೆ ಓಟದ ಪಂದ್ಯವಲ್ಲ. ಅಪರೂಪದ್ದನ್ನು ಉಳಿಸಬೇಕು ಎನ್ನುತ್ತೀರಾ? ಇ-ಟೈಪ್ ತಯಾರಾಗಿದ್ದು 70 ಸಾವಿರಕ್ಕೂ ಹೆಚ್ಚು. ಅವುಗಳಿಗೆ ಕ್ಲಬ್ಬುಗಳಿವೆ, ಬಿಡಿಭಾಗ ಮಾಡಿಕೊಡುವವರಿದ್ದಾರೆ, ಪುಸ್ತಕಗಳಿವೆ. ನಿಜವಾಗಿ ಅಪರೂಪದ್ದು ಬೆರಳೆಣಿಕೆಯಷ್ಟು ಮಾತ್ರ ರಸ್ತೆಗಿಳಿದ ಸ್ಟಾರ್ಮ್. ಎಂಜಿನ್ ಎರವಲು ಎನ್ನುತ್ತೀರಾ? 1966ರ ಲೋಟಸ್ ಯುರೋಪಾದ್ದೂ ರೆನೋ ಎಂಜಿನ್ನೇ, ಫೈಬರ್‌ಗ್ಲಾಸ್ ಮೈಯೇ. ಅದು ಇಂಗ್ಲೆಂಡಿನದಾದ್ದರಿಂದ ‘ಕ್ಲಾಸಿಕ್’, ಇದು ನಮ್ಮದಾದ್ದರಿಂದ ‘ನಕಲು’. ಈ ಅಳತೆಗೋಲು ಯಾರದು?

1991ರಲ್ಲಿ ಮಾರುಕಟ್ಟೆ ತೆರೆದ ಮೇಲೆ, ಸ್ಕೂಟರು ಕೊಂಡರೇ ಪೇಡೆ ಹಂಚುತ್ತಿದ್ದ ದೇಶದಲ್ಲಿ, ಮೇಲ್ಛಾವಣಿ ಬಿಚ್ಚುವ ಕಾರು ಮಾಡಲು ಹೊರಟ ಭಂಡಧೈರ್ಯದ ಕುರುಹು ಸ್ಟಾರ್ಮ್. ಅದರ ಬಡ ಎಂಜಿನ್ನೂ ಆ ಕಾಲದ ಚರಿತ್ರೆಯೇ.

ಕಾನೂನಿಗೂ ಈ ಭೇದ ಕಾಣುವುದಿಲ್ಲ. 2021ರ ಕೇಂದ್ರ ನಿಯಮದಂತೆ ‘ವಿಂಟೇಜ್’ ಎನಿಸಿಕೊಳ್ಳಲು ಕಾರಿಗೆ 50 ವರ್ಷ ತುಂಬಿರಬೇಕು. 1998ರ ಸ್ಟಾರ್ಮ್ ಆ ಗೌರವಕ್ಕೆ 2048ರವರೆಗೆ ಕಾಯಬೇಕು. ಇತ್ತ 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಶುಲ್ಕ ಕಟ್ಟಿ, ಎಫ್.ಸಿ. ಮಾಡಿಸಿ, ಸಿಗದ ಬಿಡಿಭಾಗ ಹುಡುಕಿ ಯಾರು ಕಾಯುತ್ತಾರೆ? ಗುಜರಿಯವನು ಮಾತ್ರ ಕಾಯುತ್ತಾನೆ. ಇಲ್ಲಿ ಕೆಲವೇ ಕೆಲವು ತಯಾರಾದ ವಾಹನಗಳಿಗೆ 25 ವರ್ಷಕ್ಕೇ ಆ ಮನ್ನಣೆ ಕೊಡಲಿ. ಆಟೊಮೊಬೈಲ್ ಕಲಿಸುವ ನಮ್ಮ ಕಾಲೇಜೊಂದು ಒಂದೇ ಒಂದು ಸ್ಟಾರ್ಮ್ ತಂದಿಟ್ಟುಕೊಳ್ಳಲಿ.

ತೆಕ್ಕಲಕೋಟೆಯವರಿಗೆ ಇದು ಬೇಗ ಅರ್ಥವಾಗಬೇಕು. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಇಲ್ಲಿ ಉತ್ಖನನ ಮಾಡಿ ನವಶಿಲಾಯುಗದ ಜನರ ಬದುಕನ್ನು ಹೊರತೆಗೆದರು. ಆ ಕಲ್ಲಿನ ಕೊಡಲಿಗಳು ಮಣ್ಣಿನಲ್ಲಿ ಸಾವಿರಾರು ವರ್ಷ ತಾವಾಗಿಯೇ ಉಳಿದವು. ಕಾರು ಹಾಗೆ ಉಳಿಯುವುದಿಲ್ಲ, ತುಕ್ಕು ಹಿಡಿಯುತ್ತದೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ‘ಜಾಗ್ವಾರ್ ಕಾಯಾಕ ಜಗತ್ತೇ ಐತಪ್ಪಾ. ನೀನು ಸ್ಟಾರ್ಮ್ ಕಾಯಿ.’