ಕೌದಿಯ ಮೇಲಿನ ಗೆರೆ: ಮೂಡುವ ಬಗೆ, ಅಳಿಯುವ ಬಗೆ

ಬೆಂಗಳೂರಿನ ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟ್, ಇಬ್ರಾಹಿಂ ಸಾಹೇಬ್ ಸ್ಟ್ರೀಟುಗಳಲ್ಲಿ ಹೊಲಿಗೆಯ ಸಾಮಾನು ಮಾರುವವರನ್ನು, ಬಟ್ಟೆಯ ಮೇಲೆ ಗುರುತು ಹಾಕುವ ಸಾಧನವೊಂದು ಬೇಕೆಂದು ಕೇಳಿದರೆ ಉತ್ತರ ಒಂದೇ ಆಗಿರುವುದಿಲ್ಲ. ದರ್ಜಿಯ ಚಾಕ್, ಬಣ್ಣದ ಪೆನ್ಸಿಲ್, ನೀರಿಗೆ ಅಳಿಯುವ ನೀಲಿ ಪೆನ್ನು, ಗಾಳಿಗೆ ಮಾಯವಾಗುವ ನೇರಳೆ ಪೆನ್ನು, ಇಸ್ತ್ರಿಯ ಶಾಖಕ್ಕೆ ಅಳಿಯುವ ಪೆನ್ನು, ಹೀಗೆ ಹಲವು ಬಗೆಗಳು ಇಂದು ದೊರೆಯುತ್ತವೆ. ಕೊಳ್ಳುವವರು ಸಾಮಾನ್ಯವಾಗಿ ವಿಚಾರಿಸುವುದು, ಗೆರೆ ಚೆನ್ನಾಗಿ ಮೂಡುವುದೇ ಎಂದು. ನನ್ನ ಅಭಿಪ್ರಾಯದಲ್ಲಿ ಇದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು: ಈ ಗೆರೆ ಹೇಗೆ ಅಳಿಯುತ್ತದೆ? ಅಳಿದ ಮೇಲೆ ಅದರ ದ್ರವ್ಯ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಕೌದಿಯೊಂದನ್ನು ನೆನೆಯಿರಿ. ಮನೆಯ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ತೇಪೆಗಳನ್ನು ಜೋಡಿಸಿ, ವಾರಗಟ್ಟಲೆ ಕುಳಿತು ಹೊಲಿದ ವಸ್ತು ಅದು. ಗೆರೆಯ ಆಯುಷ್ಯವಾದರೋ ಸೂಜಿ ಅಲ್ಲಿಗೆ ಬರುವವರೆಗೆ ಮಾತ್ರ. ಆಮೇಲೆ ಅದು ಉಳಿದರೆ ಕಲೆ. ಕೂಲಿಗಾಗಿ ಹೊಲಿಯುವವರ ಪಾಲಿಗೆ ಅಂಥ ಕಲೆಯೆಂದರೆ ದುಡಿಮೆಯೇ ಕೈಬಿಟ್ಟು ಹೋದಂತೆ.

ಮೊದಲು ಚಾಕನ್ನು ನೋಡೋಣ. ದರ್ಜಿಗಳು ಬಹುಕಾಲದಿಂದ ಬಳಸುತ್ತಿರುವ ಚಾಕ್ ಟಾಲ್ಕ್ ಎಂಬ ಖನಿಜದ್ದು. ನಮ್ಮ ಬಳಪದ ಕಲ್ಲಿಗೆ ಮೃದುತ್ವವನ್ನು ಕೊಡುವುದೂ ಇದೇ ಖನಿಜ. ಮೋಸ್ ಮಾನದಲ್ಲಿ ವಜ್ರದ ಕಾಠಿಣ್ಯ 10 ಆದರೆ ಟಾಲ್ಕಿನದು ಕೇವಲ 1. ಅದರ ತೆಳುಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಉಜ್ಜಿದಾಗ ಕಳಚಿ ನೂಲಿನ ಮೇಲೆ ಕೂರುತ್ತವೆ, ಕೊಡವಿದಾಗ ಉದುರುತ್ತವೆ. ಇಲ್ಲಿ ರಾಸಾಯನಿಕ ಕ್ರಿಯೆ ಯಾವುದೂ ಇಲ್ಲ. ಪೆನ್ಸಿಲಿನ ಗ್ರಾಫೈಟಿಗೂ ಪದರರಚನೆಯೇ ಉಂಟು. ಆದರೆ ಅದರ ಕರಿಯ ಕಣಗಳು ಎಳೆಗಳ ಸಂದಿನಲ್ಲಿ ಸಿಕ್ಕಿಕೊಂಡರೆ ನೀರಿನಲ್ಲಿ ಕರಗುವುದಿಲ್ಲ. ಮೇಣದ ಚಾಕ್ ಎಂಬ ಇನ್ನೊಂದು ಜಾತಿಯೂ ಇದೆ. ಇಸ್ತ್ರಿಯ ಶಾಖಕ್ಕೆ ಅದು ಕರಗಿ ಕಾಣದಾಗುತ್ತದೆ. ಕೆಲವು ಬಟ್ಟೆಗಳಲ್ಲಿ ಜಿಡ್ಡಿನ ಕಲೆಯಾಗಿ ನಿಲ್ಲುತ್ತದೆ.

ನೀಲಿ ಪೆನ್ನಿನ ಶಾಯಿ ನೀರಿನಲ್ಲಿ ಕರಗುತ್ತದೆಂಬುದು ನಿಜ. ಆದರೆ ಕರಗುವುದು ಬೇರೆ, ಹೊರಹೋಗುವುದು ಬೇರೆ. ಗೆರೆಯ ಮೇಲೆ ಒದ್ದೆ ಬಟ್ಟೆಯನ್ನು ಒತ್ತಿದರೆ ಶಾಯಿ ಕೆಳಗಿನ ಪದರಗಳಿಗೆ ಇಳಿದು ಕಣ್ಮರೆಯಾಗುತ್ತದೆ. ಮೇಲ್ಪದರ ಒಣಗತೊಡಗಿದಂತೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ, ಲೋಮನಾಳಾಕರ್ಷಣೆಯಿಂದ ಅದೇ ಶಾಯಿ ಮತ್ತೆ ಮೇಲೇರಿ ಬರುತ್ತದೆ. ಆದ್ದರಿಂದ ಇಡೀ ಕೌದಿಯನ್ನು ಧಾರಾಳವಾದ ತಣ್ಣೀರಿನಲ್ಲಿ ನೆನೆಸಿ ತೊಳೆಯಬೇಕು. ತೊಳೆಯುವ ಮುನ್ನ ಇಸ್ತ್ರಿ ಮಾಡಿದರೆ ಗುರುತು ಬಟ್ಟೆಯಲ್ಲೇ ಕಚ್ಚಿಕೊಳ್ಳುವ ಅಪಾಯವಿದೆ. ನೇರಳೆ ಪೆನ್ನಿನ ಗೆರೆ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ತಾನಾಗಿಯೇ ಮಸುಳುತ್ತದೆ. ಯಂತ್ರದಲ್ಲಿ ಅಂದೇ ಹೊಲಿದು ಮುಗಿಸುವವರಿಗೆ ಅದು ಸರಿ. ತಿಂಗಳುಗಟ್ಟಲೆ ಕೈಯಲ್ಲಿ ಹೊಲಿಯುವವರಿಗಲ್ಲ.

ಎಲ್ಲಕ್ಕಿಂತ ಬೋಧಪ್ರದವಾದುದು ಶಾಖಕ್ಕೆ ಅಳಿಯುವ ಪೆನ್ನು. ಜಪಾನಿನ ಪೈಲಟ್ ಕಂಪನಿಯು 2006ರಲ್ಲಿ ಯೂರೋಪಿನ ಮಾರುಕಟ್ಟೆಗೆ ತಂದ ಫ್ರಿಕ್ಸಿಯನ್ ಲೇಖನಿ ಈ ವರ್ಗದ್ದು. ಅದನ್ನು ರೂಪಿಸಿದ್ದು ಕಾಗದಕ್ಕಾಗಿ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ವರ್ಣದ್ರವ್ಯವು ತನಗೆ ಬಣ್ಣ ಕೊಡುವ ಜೊತೆಗಾರ ದ್ರವ್ಯದಿಂದ ಬೇರ್ಪಟ್ಟು ನಿರ್ವರ್ಣವಾಗುತ್ತದೆ. ದ್ರವ್ಯವೆಲ್ಲ ಬಟ್ಟೆಯಲ್ಲೇ ಇರುತ್ತದೆ. ಉಷ್ಣತೆ ಸೊನ್ನೆಗಿಂತ 10ರಿಂದ 20 ಡಿಗ್ರಿಗಳಷ್ಟು ಕೆಳಗಿಳಿದರೆ ಅವು ಮತ್ತೆ ಕೂಡಿ ಗೆರೆ ಮರಳಿ ಕಾಣುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಕನಿಷ್ಠ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿ ಆ ಭಯವಿಲ್ಲ. ಆದರೆ ಇಂದಿರಾನಗರದ ಅಜ್ಜಿ ಕೆನಡಾದಲ್ಲಿರುವ ಮೊಮ್ಮಗುವಿಗೆ ಕೌದಿ ಕಳುಹಿಸಿದರೆ, ಅಲ್ಲಿನ ಚಳಿಗಾಲದಲ್ಲಿ ಕಾರಿನೊಳಗೆ ಒಂದು ರಾತ್ರಿ ಉಳಿದ ಮಾತ್ರಕ್ಕೆ, ಅಳಿಸಿದ ಗೆರೆಗಳೆಲ್ಲ ಎದ್ದು ಕಾಣಬಹುದು. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ ಎಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಗೆರೆಯೇ ಇಲ್ಲದೆ ಕೆಲಸ ಸಾಗಿಸಿದ ಪರಂಪರೆಗಳೂ ನಮ್ಮಲ್ಲಿವೆ. ಧಾರವಾಡ ಸೀಮೆಯ ಕಸೂತಿಯವರು ಬಟ್ಟೆಯ ಎಳೆಗಳನ್ನೇ ಎಣಿಸಿ ಹೊಲಿಯುತ್ತಾರೆ. ನೇಯ್ಗೆಯೇ ಅವರ ಚೌಕಳಿ ಕಾಗದ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಕೌದಿಯ ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೆ ಸುತ್ತುತ್ತ ನಡುವಿಗೆ ಬರುತ್ತಾರೆ. ಹಿಂದಿನ ಸಾಲೇ ಮುಂದಿನ ಸಾಲಿಗೆ ಮಾರ್ಗದರ್ಶಕ. ಸಾಧನದ ಅಗತ್ಯವುಂಟೇ ಎಂಬ ವಿಚಾರವೂ ಆಯ್ಕೆಯ ಭಾಗವೇ ಎಂಬುದನ್ನು ಇವರಿಂದ ನಾವು ಕಲಿಯಬೇಕು.

"ಅನುಭವಸ್ಥ ದರ್ಜಿಯ ಮಾತು ಸಾಲದೇ? ಪರೀಕ್ಷೆ ಏಕೆ?" ಎಂದು ಕೆಲವರು ಕೇಳಬಹುದು. ಚಾಕಿನ ವಿಷಯದಲ್ಲಿ ಅವರ ಮಾತು ಪ್ರಮಾಣವೇ ಸರಿ. ಆದರೆ ಹೊಸ ಶಾಯಿಗಳ ವರ್ತನೆ ಬಟ್ಟೆಯಿಂದ ಬಟ್ಟೆಗೆ ಬದಲಾಗುತ್ತದೆ. ಕೌದಿಯಲ್ಲಾದರೋ ಹತ್ತಿ, ರೇಷ್ಮೆ, ಪಾಲಿಯೆಸ್ಟರುಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಆದ್ದರಿಂದ ಪ್ರತಿಯೊಂದು ಬಟ್ಟೆಯಿಂದಲೂ ನಾಲ್ಕು ತುಂಡುಗಳನ್ನು ತೆಗೆದುಕೊಂಡು ಎಲ್ಲದರ ಮೇಲೂ ಗೆರೆ ಎಳೆಯಿರಿ. ಒಂದನ್ನು ತಣ್ಣೀರಿನಲ್ಲಿ ತೊಳೆದು ಒಣಗಿಸಿರಿ. ಇನ್ನೊಂದನ್ನು ಇಸ್ತ್ರಿ ಮಾಡಿ ಆಮೇಲೆ ತೊಳೆಯಿರಿ. ಮೂರನೆಯದನ್ನು ಇಸ್ತ್ರಿ ಮಾಡಿ, ಮನೆಯ ಫ್ರಿಜ್ಜಿನ ಹಿಮದ ಕೋಣೆಯಲ್ಲಿ ಒಂದು ರಾತ್ರಿ ಇಡಿರಿ. ಅಲ್ಲಿ ಉಷ್ಣತೆ ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ. ನಾಲ್ಕನೆಯದನ್ನು ಹೋಲಿಕೆಗಾಗಿ ಹಾಗೆಯೇ ಬಿಡಿರಿ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳನ್ನು ಕಾಲೇಜಿನಲ್ಲಿ ಮಾಡಿ ಬೇಸತ್ತ ವಿದ್ಯಾರ್ಥಿಗೆ, ಉತ್ತರ ನಿಜವಾಗಿಯೂ ಗೊತ್ತಿಲ್ಲದ ಪ್ರಯೋಗ ಇದು.

ನನ್ನ ಆಯ್ಕೆಯನ್ನು ಕೇಳಿದರೆ, ಗಾಢವರ್ಣದ ಬಟ್ಟೆಗೆ ಅಂಚು ಹರಿತವಾಗಿರುವ ಬಿಳಿಯ ಟಾಲ್ಕ್ ಚಾಕ್; ಬಿಳಿಯ ಬಟ್ಟೆಗೆ, ಪರೀಕ್ಷೆಯಲ್ಲಿ ಗೆದ್ದ ನೀಲಿ ಪೆನ್ನು. ಮೊಂಡಾದ ಚಾಕಿನ ಗೆರೆ ಎರಡು ಮಿಲಿಮೀಟರಿನಷ್ಟು ದಪ್ಪವಾದರೆ ಅಳತೆಯೂ ಅಷ್ಟೇ ಅನಿಶ್ಚಿತ. ಆದ್ದರಿಂದ ಅದನ್ನು ಆಗಾಗ ಹೆರೆಯಿರಿ. ಚಾಕಿನ ಗೆರೆ ಬೇಗ ಉದುರುವುದೆಂಬ ಆಕ್ಷೇಪವಿದ್ದರೆ, ಅಂದು ಹೊಲಿಯುವಷ್ಟಕ್ಕೆ ಮಾತ್ರ ಅಂದು ಗೆರೆ ಎಳೆದರಾಯಿತು.