ವಾದದ ಪ್ರಯೋಜನ
ನಂದಿಬೆಟ್ಟದ ಪ್ರಾಂತದಲ್ಲಿ ಹುಟ್ಟಿ, ಗೌರಿಬಿದನೂರನ್ನು ದಾಟಿ, ಹಿಂದೂಪುರದ ಸೀಮೆಯನ್ನು ಹೊಕ್ಕು, ರೊದ್ದಂ ಊರಿನ ಮಗ್ಗುಲಲ್ಲಿ ಸಾಗುವ ಉತ್ತರ ಪಿನಾಕಿನಿಯು, ಮೇಲಿನವರು ತಡೆದ ನೀರು ಕೆಳಗಿನವರಿಗೆ ದೊರೆಯದೆಂಬ ಕಾರಣದಿಂದ, 1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳು ಮಾಡಿಕೊಂಡ ಒಪ್ಪಂದದಲ್ಲಿ ಹೆಸರಿಸಲ್ಪಟ್ಟ 15 ನದಿಗಳಲ್ಲೊಂದು. ಮೈಸೂರಿನ ಕೈಯನ್ನೇ ಹೆಚ್ಚಾಗಿ ಬಿಗಿದ ಆ ಒಪ್ಪಂದವು ಸಮಬಲರದ್ದಲ್ಲವಾದರೂ, ಅದರ ಒಂದು ವ್ಯವಸ್ಥೆಯು ವಾದಮಾಡುವವರೆಲ್ಲರೂ ಮನನ ಮಾಡತಕ್ಕದ್ದಾಗಿದೆ: ಹೊಸ ಕಟ್ಟೆಯ ಪೂರ್ಣ ವಿವರವನ್ನು ಮೈಸೂರು ಮೊದಲೇ ಮುಂದಿಡಬೇಕು, ಮದರಾಸಾದರೋ, ಆಗಲೇ ಪ್ರಾಪ್ತವಾಗಿ ವಸ್ತುತಃ ಅನುಭವದಲ್ಲಿರುವ ಹಕ್ಕಿನ ರಕ್ಷಣೆಗಲ್ಲದೆ ಅನ್ಯಕಾರಣದಿಂದ ಸಮ್ಮತಿಯನ್ನು ನಿರಾಕರಿಸಕೂಡದು, ಭಿನ್ನಾಭಿಪ್ರಾಯವು ಉಳಿದಲ್ಲಿ, ಮಧ್ಯಸ್ಥರದಾಗಲಿ ಭಾರತ ಸರ್ಕಾರದ್ದಾಗಲಿ ನಿರ್ಣಯವೇ ಅಂತಿಮ ಎಂದು ಅದು ವಿಧಿಸಿತ್ತು. ಭಯವೊಂದೇ ಆಕ್ಷೇಪವಾಗದು, ಯಾವ ಹೊಲದ ಯಾವ ಹಕ್ಕಿಗೆ ಬಾಧೆಯೆಂಬುದನ್ನು ತೋರಿಸಬೇಕೆಂಬುದೇ ಇದರ ತಾತ್ಪರ್ಯ. ಈ ವಿವೇಕವು ನಮಗೆ ಹೊಸದಲ್ಲ; ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಜಯಕ್ಕಾಗಿ ಹೂಡುವುದು ಜಲ್ಪ, ಸ್ವಪಕ್ಷವನ್ನೇ ಸ್ಥಾಪಿಸದೆ ಪರರನ್ನು ಖಂಡಿಸುವುದು ವಿತಂಡವೆಂದು ನ್ಯಾಯಸೂತ್ರಕಾರನು ಬಹು ಹಿಂದೆಯೇ ವಿಭಾಗಿಸಿದ್ದಾನೆ. ಎದುರಾಳಿಯ ಮತವಾದ ಪೂರ್ವಪಕ್ಷವನ್ನು ಅದರ ಪ್ರತಿಪಾದಕನೇ ಮೆಚ್ಚುವಂತೆ ನಿರೂಪಿಸಿದ ಮೇಲೆಯೇ ಸ್ವಮತವಾದ ಸಿದ್ಧಾಂತಕ್ಕೆ ತೊಡಗುವುದು ನಮ್ಮ ಭಾಷ್ಯಕಾರರ ಸತ್ಸಂಪ್ರದಾಯ. ಗಂಟಲಿನ ಬಲದಿಂದ ಗೆದ್ದವನು ನೆರೆಯವನನ್ನು ಕಳೆದುಕೊಳ್ಳುತ್ತಾನೆ, ಸತ್ಯವನ್ನೂ ಪಡೆಯಲಾರನು. ಒಂದೇ ಹೊಳೆಯ ನೀರನ್ನು ಉಂಡು, ಕನ್ನಡ ತೆಲುಗುಗಳೆರಡನ್ನೂ ಆಡುತ್ತ ಬಾಳುವ ಈ ಗಡಿನಾಡಿನ ಜನಕ್ಕೆ, ಎದುರಾಳಿಯು ನಾಳೆಯೂ ನೆರೆಯವನೇ ಎಂಬ ಅರಿವಿನಿಂದ ಹೂಡಿದ ವಾದವೇ ಶ್ರೇಯಸ್ಕರ.