ಬೆಳಕಿನ ಆಟಕ್ಕೆ ಬೇಲಿ ಬೇಕು, ಬೀಗ ಬೇಡ

ಹುಡುಗರು ಬಿಡಿಭಾಗಗಳನ್ನು ತಂದು ರೇಡಿಯೊ ಜೋಡಿಸುತ್ತಿದ್ದ ಕಾಲವೊಂದಿತ್ತು. ಇಂದು ಅಂತಹ ಹವ್ಯಾಸಗಳ ಸಾಲಿಗೆ ಲೇಸರ್ ಸೇರಿದೆ. ನಮ್ಮ ಶಂಕರಪುರದಿಂದ ಹೆಚ್ಚು ದೂರವಿಲ್ಲದ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಣ್ಣ ಲೇಸರ್ ಮಾಡ್ಯೂಲ್‌ಗಳು ಅಗ್ಗವಾಗಿ ಸಿಗುತ್ತವೆ. ಕಿರಣವನ್ನು ಓಡಾಡಿಸುವ ಕನ್ನಡಿಗಳು ಅಂತರಜಾಲ ಮಳಿಗೆಗಳಿಂದ ಮನೆ ಬಾಗಿಲಿಗೇ ಬರುತ್ತವೆ. ಕಲಿಯುವ ಹುಮ್ಮಸ್ಸಿನ ಈ ಹವ್ಯಾಸ ಸ್ವಾಗತಾರ್ಹ. ಆದರೆ ಅದಕ್ಕೆ ಬೇಕಾದ ಸುರಕ್ಷತೆಯ ವ್ಯವಸ್ಥೆಯನ್ನು ನಾವು ಇನ್ನೂ ರೂಪಿಸಿಲ್ಲ ಎಂಬುದು ನನ್ನ ಕಳವಳ.

ಇದರ ತಂತ್ರ ಸರಳವಾದುದು. ಗೋಡೆಯ ಮೇಲೆ ಮೂಡುವ ಚಿತ್ರ ವಾಸ್ತವವಾಗಿ ಒಂದೇ ಒಂದು ಬೆಳಕಿನ ಚುಕ್ಕೆ. ಗ್ಯಾಲ್ವನೋಮೀಟರ್ ಎಂಬ ಪುಟ್ಟ ಮೋಟಾರುಗಳಿಗೆ ಅಂಟಿಸಿದ ಎರಡು ಕನ್ನಡಿಗಳಲ್ಲಿ ಒಂದು ಆ ಚುಕ್ಕೆಯನ್ನು ಅಡ್ಡಲಾಗಿ, ಇನ್ನೊಂದು ಉದ್ದಕ್ಕೆ ಓಡಿಸುತ್ತದೆ. ಕೊಟ್ಟ ವೋಲ್ಟೇಜಿಗೆ ತಕ್ಕಂತೆ ಕನ್ನಡಿ ಓರೆಯಾಗುತ್ತದೆ. ಉತ್ತಮ ಜೋಡಿಯೊಂದು ಸೆಕೆಂಡಿಗೆ 30,000 ಬಿಂದುಗಳನ್ನು ಮುಟ್ಟಬಲ್ಲುದು. ಆ ವೇಗದಲ್ಲಿ ನಮ್ಮ ಕಣ್ಣಿಗೆ ಚುಕ್ಕೆ ಕಾಣದೆ ಗೆರೆ ಕಾಣುತ್ತದೆ.

ಅಪಾಯವಿರುವುದೂ ಇಲ್ಲಿಯೇ. ಕನ್ನಡಿ ಓಡುತ್ತಿರುವಷ್ಟು ಹೊತ್ತು ಕಿರಣದ ಶಕ್ತಿ ಹರಡಿಹೋಗುತ್ತದೆ. ಪ್ರೋಗ್ರಾಂ ಸ್ತಬ್ಧವಾಗಿ ಅಥವಾ ತಂತಿ ಕಳಚಿ ಕನ್ನಡಿ ನಿಂತರೆ ಇಡೀ ಶಕ್ತಿ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಸಾಲದುದಕ್ಕೆ, ನಿಯಂತ್ರಣದ ತಂತಿ ಕಿತ್ತುಬಂದರೆ ಆರುವುದರ ಬದಲು ಉರಿಯತೊಡಗುವ ಮಾಡ್ಯೂಲ್‌ಗಳೂ ಇವೆ. ಆ ತಂತಿಯನ್ನು ನೆಲಕ್ಕೆ ಸೇರಿಸುವ ಒಂದು ಅಗ್ಗದ ರೆಸಿಸ್ಟರ್ ಸಾಮಾನ್ಯವಾಗಿ ಇದನ್ನು ತಪ್ಪಿಸುತ್ತದೆ. ಕನ್ನಡಿ ನಿಂತೊಡನೆ ಲೇಸರನ್ನು ಆರಿಸುವ ಕಾವಲು ಮಂಡಲವನ್ನೂ ಕಟ್ಟಬಹುದು. ಅಂತರರಾಷ್ಟ್ರೀಯ ಲೇಸರ್ ಪ್ರದರ್ಶನ ಸಂಘದ 25 ಪಿನ್ನುಗಳ ಜೋಡಣೆಯಲ್ಲಿ ಸುರಕ್ಷತಾ ತಡೆಗೆಂದೇ ಎರಡು ಪಿನ್ನುಗಳನ್ನು ಮೀಸಲಿಡಲಾಗಿದೆ. ಆದರೆ ತುಂಡು ತಂತಿಯೊಂದರಿಂದ ಅವೆರಡನ್ನೂ ಬೆಸೆದುಬಿಟ್ಟರೆ ತಡೆ ಹೆಸರಿಗೆ ಮಾತ್ರ ಉಳಿಯುತ್ತದೆ.

ಲೇಸರ್‌ಗಳನ್ನು ಶಕ್ತಿಗನುಗುಣವಾಗಿ ವರ್ಗೀಕರಿಸಲಾಗಿದೆ. 1 ಮಿಲಿವ್ಯಾಟ್ ಮೀರದ ಗೋಚರ ಕಿರಣದಿಂದ ಕಣ್ಣನ್ನು ರೆಪ್ಪೆಯೇ ಕಾಪಾಡುತ್ತದೆ. ಸುಮಾರು ಕಾಲು ಸೆಕೆಂಡಿನಲ್ಲಿ ಅದು ಮುಚ್ಚಿಕೊಳ್ಳುತ್ತದೆ. 500 ಮಿಲಿವ್ಯಾಟ್ ಮೀರಿದುದು 4ನೇ ವರ್ಗ. ಅದರ ಚದುರಿದ ಪ್ರತಿಫಲನವೂ ಅಪಾಯಕಾರಿ. ಕಣ್ಣಿನ ಮಸೂರವು ಕಿರಣವನ್ನು ಅಕ್ಷಿಪಟಲದ ಮೇಲೆ ಸುಮಾರು ಒಂದು ಲಕ್ಷ ಪಟ್ಟು ಸಾಂದ್ರಗೊಳಿಸುವುದರಿಂದ, ಅಲ್ಲಿ ಆದ ಸುಟ್ಟ ಗಾಯ ಶಾಶ್ವತವಾಗಬಹುದು. 2024ರ ಗಣೇಶೋತ್ಸವದಲ್ಲಿ ನೆರೆಯ ಕೊಲ್ಹಾಪುರದಿಂದ ಇಂತಹ ವರದಿಗಳು ಬಂದವು. ಮೆರವಣಿಗೆ ನೋಡಲು ನಿಂತವರ ಕಣ್ಣಿಗೆ ಪೆಟ್ಟಾಗಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಮಾಹಿತಿಯ ಕೊರತೆಯಿಂದ ಕೆಟ್ಟ ಪೇಟೆಯೆಂದು ನೋಡುತ್ತೇನೆ. ಹಳೆಯ ಕಾರು ಮಾರುವವನಿಗೆ ಅದರ ದೋಷ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿರದಿದ್ದರೆ ಪೇಟೆಯೇ ಕೆಡುತ್ತದೆಂದು ಜಾರ್ಜ್ ಅಕೆರ್ಲಾಫ್ 1970ರಲ್ಲಿ ವಾದಿಸಿದರು. ಇಲ್ಲಿ ಸ್ಥಿತಿ ಇನ್ನೂ ಶೋಚನೀಯ. ಅಂಗಡಿಯವರಿಗೂ ಎಷ್ಟೋ ಸಲ ಕಿರಣದ ನಿಜವಾದ ಶಕ್ತಿ ತಿಳಿದಿರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 122 ಲೇಸರ್ ಪಾಯಿಂಟರ್‌ಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಹಸಿರಿನವುಗಳಲ್ಲಿ ಸುಮಾರು ಶೇ 90ರಷ್ಟು, ಕೆಂಪಿನವುಗಳಲ್ಲಿ ಶೇ 44ರಷ್ಟು ಅಲ್ಲಿನ ಸುರಕ್ಷತಾ ನಿಯಮಕ್ಕೆ ಒಳಪಡುತ್ತಿರಲಿಲ್ಲ. ಒಂದು ಬಗೆಯ ಹಸಿರು ಲೇಸರಿನಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣವೇ ಹಸಿರಾಗಿ ಮಾರ್ಪಡುತ್ತದೆ. ಖರ್ಚು ಉಳಿಸಲು ಶೋಧಕ ಗಾಜನ್ನು ಕೈಬಿಟ್ಟರೆ ಅವಕೆಂಪು ಹಾಗೆಯೇ ಹೊರಬರುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ಕೊಟ್ಟವರು, ಕೊಂಡವರು ಇಬ್ಬರೂ ಅರಿಯದ ಈ ದೋಷದ ಬೆಲೆಯನ್ನು ತೆರುವವನು ಹಲವು ಸಲ ದಾರಿಹೋಕ.

ಹಾಗೆಂದು ನಿಷೇಧ ಪರಿಹಾರವಲ್ಲ. ನಿಷೇಧಿತ ವಸ್ತು ಪೇಟೆಯಿಂದ ಮಾಯವಾಗುವುದಿಲ್ಲ, ಚೀಟಿಯಿಲ್ಲದೆ ಮಾರಾಟವಾಗುತ್ತದೆ ಎಂಬುದನ್ನು ಸರ್ಕಾರಿ ಸೇವೆಯ ವರ್ಷಗಳು ನನಗೆ ಮನಗಾಣಿಸಿವೆ. ಮಾಡಬೇಕಾದುದು ಮೂರು ಕೆಲಸ.

ಮೊದಲನೆಯದು, ಗುಣಮಟ್ಟದ ಕಡ್ಡಾಯ. ಲೇಸರ್ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 14624 ಮಾನಕವಿದೆ. ಬ್ಯೂರೋದ 2016ರ ಕಾಯ್ದೆಯ 16ನೇ ಕಲಮಿನಡಿ ಕೇಂದ್ರ ಸರ್ಕಾರವು ಮಾನಕವನ್ನು ಕಡ್ಡಾಯಗೊಳಿಸಬಹುದು. ಆಟಿಕೆಗಳಿಗೆ 2021ರ ಜನವರಿ 1ರಿಂದ ಹೀಗೆಯೇ ಮಾಡಲಾಯಿತು. ಮಾಡ್ಯೂಲಿನ ಮೇಲೆ ತರಂಗಾಂತರ, ಅಳೆದ ಶಕ್ತಿ ಮತ್ತು ವರ್ಗ ನಮೂದಾಗದೆ ಅಂಗಡಿಯಲ್ಲಾಗಲಿ ಅಂತರಜಾಲದಲ್ಲಾಗಲಿ ಮಾರಾಟವಾಗಬಾರದು.

ಎರಡನೆಯದು, ಅಳೆಯುವ ಅನುಕೂಲ. ಲೇಸರ್ ಶಕ್ತಿಮಾಪಕವನ್ನು ಪ್ರತಿ ವಿದ್ಯಾರ್ಥಿಯೂ ಕೊಳ್ಳಲಾರ, ಕಾಲೇಜೊಂದು ಕೊಳ್ಳಬಹುದು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಹುಟ್ಟಿದ ಬಸವನಗುಡಿಯಲ್ಲಿ, ವಾರಕ್ಕೊಂದು ಸಂಜೆ ಹವ್ಯಾಸಿಗಳು ತಮ್ಮ ಸಾಧನಗಳನ್ನು ತಂದು ಅಳೆಯಿಸಿಕೊಂಡು ಹೋಗುವಂತಾದರೆ ಅದು ಆ ಪರಂಪರೆಗೆ ಒಪ್ಪುವ ಕೆಲಸ.

ಮೂರನೆಯದು, ಮೆರವಣಿಗೆಗಳಿಗೆ ಷರತ್ತು. ಅಮೆರಿಕದಲ್ಲಿ ನಿರ್ವಾಹಕರಿರುವ ಪ್ರದರ್ಶನದಲ್ಲೂ ಪ್ರಬಲ ಕಿರಣವು ಜನ ನಿಂತ ನೆಲದಿಂದ ಸಾಮಾನ್ಯವಾಗಿ ಕನಿಷ್ಠ 3 ಮೀಟರ್ ಮೇಲಿರಬೇಕು. ಪೊಲೀಸರು ಅನುಮತಿ ಪತ್ರದಲ್ಲಿ ಧ್ವನಿವರ್ಧಕದ ಷರತ್ತಿನ ಕೆಳಗೆ ಇದನ್ನೂ ಒಂದು ಸಾಲು ಸೇರಿಸಲು ಯಾವ ಹೊಸ ಇಲಾಖೆಯೂ ಬೇಕಿಲ್ಲ.

ರೆಸಿಸ್ಟರ್ ಒಂದರ, ಚೀಟಿಯೊಂದರ ಮತ್ತು ಅನುಮತಿ ಪತ್ರದ ಒಂದು ಸಾಲಿನ ವೆಚ್ಚವನ್ನು ಮಗುವೊಂದರ ದೃಷ್ಟಿಯ ಎದುರು ತೂಗಿ ನೋಡಿದರೆ, ಆಡಳಿತವು ಇನ್ನೂ ಕಾಯುವುದಕ್ಕೆ ಕಾರಣ ಕಾಣುವುದಿಲ್ಲ.